ಊರವರು ಬಂದು ಬೀಗ ಒಡೆದರು

ನಮ್ಮ ಊರಿನಲ್ಲಿ ವರ್ಷವನ್ನು ಗೋಡೆಯ ಮೇಲೆ ಬರೆಯುತ್ತಾರೆ. ಯುಗಾದಿಗೆ ಒಂದು ವಾರವಿದೆ ಎನ್ನುವಾಗ ಸಂತೆಬೀದಿಯ ತುದಿಯಲ್ಲಿರುವ ಚಾವಡಿಯ ಹೊರಗೋಡೆಗೆ ಹೊಸ ಸುಣ್ಣ ಬಳಿಯುತ್ತಾರೆ. ಹಳೆಯ ವರ್ಷ ಅದರಡಿ ಹೋಗುತ್ತದೆ. ಸುಣ್ಣ ಒಣಗಿದ ಮೇಲೆ ವರ್ಷದಯ್ಯ ಏಣಿ ಹತ್ತಿ, ಮಸಿಯಲ್ಲಿ ಕುಂಚ ಅದ್ದಿ, ಆ ವರ್ಷ ಊರಿನಲ್ಲಿ ಏನೇನಾಯಿತೆಂದು ಬರೆಯುತ್ತಾನೆ. ಬರೆದದ್ದು ಮುಂದಿನ ವರ್ಷ ಮತ್ತೆ ಆಗುತ್ತದೆ. ಆದವರಿಗೇ ಅಲ್ಲ, ಬೇರೆ ಯಾರಿಗಾದರೂ. ಬರೆಯದೆ ಬಿಟ್ಟದ್ದು ಆಗಲೂಬಹುದು, ಆಗದೆಯೂ ಇರಬಹುದು. ಬರೆದದ್ದು ಮಾತ್ರ ತಪ್ಪುವುದಿಲ್ಲ.

ಇದು ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಬೇರೆ ಊರಿನಿಂದ ಬಂದ ಸೊಸೆಯಂದಿರು ಮೊದಲ ವರ್ಷ ಕೇಳುತ್ತಾರೆ; ಎರಡನೆಯ ವರ್ಷ ಅವರೂ ತಟ್ಟೆಯಲ್ಲಿ ಹಣ್ಣು ಹೂವು ಇಟ್ಟುಕೊಂಡು ವರ್ಷದಯ್ಯನ ಜಗಲಿಗೆ ಬರುತ್ತಾರೆ. ಫಾಲ್ಗುಣ ಮಾಸದಲ್ಲಿ ನಮ್ಮ ಊರಿನವರಷ್ಟು ಒಳ್ಳೆಯ ನೆರೆಹೊರೆಯವರು ಎಲ್ಲೂ ಸಿಗಲಾರರು. ಮಗಳು ಬಸುರಿಯಾಗಿರುವ ತಾಯಿ ಪಕ್ಕದ ಮನೆಯ ಹೆರಿಗೆ ಎಷ್ಟು ಸುಸೂತ್ರವಾಯಿತೆಂದು ಬಂದು ವರ್ಣಿಸುತ್ತಾಳೆ. ಮದುವೆಗೆ ಬಂದ ಮಗನಿರುವವನು ಎದುರುಮನೆಯ ಮದುವೆಯೂಟವನ್ನು ಹೊಗಳುತ್ತಾನೆ. ಹೊಟ್ಟೆಕಿಚ್ಚಿನವರೂ ಬರುವುದುಂಟು. ಗಾಳಿಗೆ ಮನೆಯ ಮಾಡು ಹಾರಿಹೋದ ಒಬ್ಬ ಒಡೆದ ಹೆಂಚುಗಳನ್ನು ಬುಟ್ಟಿಯಲ್ಲಿ ಹೊತ್ತು ತಂದು, ಇದನ್ನು ಬರೆಯಲೇಬೇಕು, ನನಗೊಬ್ಬನಿಗೇ ಯಾಕೆ ಆಗಬೇಕು ಎಂದು ಹಟ ಹಿಡಿದು ಕುಳಿತಿದ್ದ. ನನಗಿಂತ ಮುಂಚೆ ವರ್ಷದಯ್ಯನಾಗಿದ್ದ ಮರಿಗುದ್ದಯ್ಯನವರು ಆ ಹೆಂಚುಗಳನ್ನು ಒಂದೊಂದಾಗಿ ತಿರುವಿ ನೋಡಿ, "ನೋಡ್ದೆ ಕಣಯ್ಯ, ಇನ್ ಹೊತ್ಕೊಂಡ್ ಹೋಗು" ಎಂದಿದ್ದರು.

ಮರಿಗುದ್ದಯ್ಯನವರು ಕೆಟ್ಟದ್ದನ್ನು ಬರೆಯುತ್ತಲೇ ಇರಲಿಲ್ಲ. ಮೊದಲು ಪುರಸಭೆಯ ಅಧ್ಯಕ್ಷರ ಹೆಸರು, ಆಮೇಲೆ ಮಳೆ, ರಾಗಿಯ ಧಾರಣೆ, ಮದುವೆ, ಹೆರಿಗೆ, ಎಲ್ಲಾದರೂ ಎರಡು ಬಾಲದ ಕರು ಹುಟ್ಟಿದ್ದರೆ ಅದು. ಗೋಡೆಯ ಅರ್ಧ ಖಾಲಿಯೇ ಉಳಿಯುತ್ತಿತ್ತು. ಅವರು ತೀರಿಕೊಂಡ ಮೇಲೆ ನನ್ನನ್ನು ಕರೆದರು. ನನ್ನನ್ನೇ ಯಾಕೆ ಎಂದು ಈಗಲೂ ಸರಿಯಾಗಿ ಗೊತ್ತಿಲ್ಲ. ಹಗಲು ನಾನು ಹಿಟ್ಟಿನ ಗಿರಣಿಯಲ್ಲಿ ತೂಕ ನೋಡುವವನು. ತೂಗಿದ್ದನ್ನೇ ಮತ್ತೆ ತೂಗುವ ಅಭ್ಯಾಸ ನನಗಿದೆ, ಗಿರಾಕಿಗಳಿಗೆ ಬೇಸರ ಬರುವಷ್ಟು. ಅದನ್ನು ಊರವರು ಪ್ರಾಮಾಣಿಕತೆ ಎಂದು ತಿಳಿದಿರಬೇಕು. ಹೆದರಿಕೆಯೂ ಹೊರಗಿನಿಂದ ನೋಡಿದರೆ ಹಾಗೇ ಕಾಣುತ್ತದೆ. ಜೊತೆಗೆ ನಾನು ಸಂಜೆ ತರಗತಿಯಲ್ಲಿ ಚರಿತ್ರೆ ಓದಿದವನು ಎಂಬುದೂ ಕಾರಣವಿರಬಹುದು.

ಸಂಜೆ ತರಗತಿ ನಡೆಯುತ್ತಿದ್ದದ್ದು ಪ್ರೌಢಶಾಲೆಯ ಮಹಡಿಯ ಕೋಣೆಯಲ್ಲಿ. ಪಾಠ ಹೇಳುತ್ತಿದ್ದವರು ಜಿನದತ್ತ ಮೇಷ್ಟ್ರು. ಕಪಾಟಿನಲ್ಲಿದ್ದ ಚರಿತ್ರೆಯ ಪುಸ್ತಕಗಳಲ್ಲಿ ಗೆದ್ದಲು ಬಿಟ್ಟದ್ದು ರೋಮಿನದನ್ನು ಮಾತ್ರ. ಹಾಗಾಗಿ ಗಿರಣಿಯವರು, ದರ್ಜಿಗಳು, ಟಪಾಲಿನವರು ಎಲ್ಲ ಸೇರಿ ನಾವು ಮೂರು ವರ್ಷವೂ ರೋಮನ್ನೇ ಓದಿದೆವು. ರೋಮಿನಲ್ಲಿ ಬಹಳ ಹಿಂದೆ ಹಿರಿಯ ಪುರೋಹಿತನೊಬ್ಬ ತನ್ನ ಮನೆಯೆದುರು ಸುಣ್ಣ ಬಳಿದ ಹಲಗೆ ಇಡುತ್ತಿದ್ದ, ಅದರ ಮೇಲೆ ಮೊದಲು ಆ ವರ್ಷದ ಅಧಿಕಾರಿಗಳ ಹೆಸರು, ಆಮೇಲೆ ಗ್ರಹಣ, ಕಾಳಿನ ಬೆಲೆ, ವಿಚಿತ್ರ ಹುಟ್ಟುಗಳನ್ನು ಬರೆಯುತ್ತಿದ್ದ, ಅಲ್ಲಿಂದಲೇ ಅವರ ಚರಿತ್ರೆ ಬೆಳೆಯಿತು ಎಂದು ಮೇಷ್ಟ್ರು ಹೇಳಿದ ದಿನ ಇಡೀ ತರಗತಿ ಕಿಟಕಿಯಿಂದ ಚಾವಡಿಯ ಕಡೆ ನೋಡಿತು.

ಆಮೇಲೆ ಬಂದವರು ದೊಡ್ಡ ಪುಸ್ತಕಗಳನ್ನು ಬರೆದರಂತೆ. ಅವರಲ್ಲಿ ಕೆಲವರು ಅಧಿಕಾರ ಕಳೆದುಕೊಂಡವರು, ಕೆಲವರು ಕ್ರೂರ ಚಕ್ರವರ್ತಿಗಳ ಕೆಳಗೆ ಬಾಯಿ ಮುಚ್ಚಿಕೊಂಡು ಬದುಕಿದವರು. ಒಳ್ಳೆಯದು ಮಾತಿಲ್ಲದೆ ಹೋಗಬಾರದು, ಕೆಟ್ಟದ್ದು ಮಾಡುವವನಿಗೆ ಇನ್ನೂ ಹುಟ್ಟದಿರುವವರ ಬಾಯಿಯ ಹೆದರಿಕೆ ಇರಬೇಕು, ಚರಿತ್ರೆ ಇರುವುದೇ ಇದಕ್ಕೆ ಎಂದು ಅವರು ನಂಬಿದ್ದರು. ಯುದ್ಧದ ಹಿಂದಿನ ದಿನ ಸೇನಾಪತಿ ಆಡಿದನೆಂದು ಉದ್ದುದ್ದ ಭಾಷಣಗಳನ್ನೂ ಅವರೇ ಬರೆಯುತ್ತಿದ್ದರು. ಕೇಳಿ ಬರೆದುಕೊಂಡವರು ಯಾರೂ ಇರಲಿಲ್ಲ. ಅಂಥವನು ಅಂಥ ಹೊತ್ತಿನಲ್ಲಿ ಏನು ಹೇಳಬೇಕಿತ್ತೋ ಅದನ್ನು ಬರೆದರು. ಅದು ಸುಳ್ಳಲ್ಲವೇ ಎಂದು ದರ್ಜಿ ಪುಟ್ಟಮಾದ ಕೇಳಿದ. ಅವರಿಗೆ ಹಾಗನ್ನಿಸಲಿಲ್ಲ, ನೀವು ಯೋಚನೆ ಮಾಡಿ ಎಂದರು ಮೇಷ್ಟ್ರು. ರೋಮು ಹೋದರೂ ಆ ಪುಸ್ತಕಗಳು ಹೋಗಲಿಲ್ಲ ಎಂದೂ ಹೇಳಿದರು. ಸಾವಿರ ಚಿಲ್ಲರೆ ವರ್ಷದ ಮೇಲೆ ಬೇರೆ ದೇಶಗಳವರು ಅವನ್ನು ಪೆಟ್ಟಿಗೆಗಳಿಂದ ತೆಗೆದು ಓದಿದರು. ರಾಜ್ಯವನ್ನು ಬಿಗಿಯಾಗಿ ಹಿಡಿಯುವುದು ಹೇಗೆಂದು ರಾಜರಿಗೆ ಹೇಳಿಕೊಟ್ಟವರು ಆ ಪುಟಗಳನ್ನೇ ತೋರಿಸಿದರು. ರಾಜರನ್ನು ಇಳಿಸಹೊರಟವರೂ ಆ ಪುಟಗಳನ್ನೇ ತೋರಿಸಿದರು. ಒಂದು ದೇಶದಲ್ಲಿ ರಾಜನ ತಲೆ ಕಡಿದ ವಕೀಲರು ತಾವೇ ಆ ಹಳೆಯ ರೋಮಿನವರು ಎಂಬಂತೆ ಮಾತಾಡಿ, ಅವರ ಹೆಸರುಗಳನ್ನೇ ಇಟ್ಟುಕೊಂಡು, ಕೊನೆಗೆ ಒಬ್ಬರನ್ನೊಬ್ಬರು ಅದೇ ಕತ್ತಿಯ ಕೆಳಗೆ ಕಳಿಸಿದರು.

"ಹಂಗಾದ್ರೆ ಆ ಪುಸ್ತಕ ಯಾರ ಕಡೀಕೆ ಸಾರ್?" ಎಂದ ಪುಟ್ಟಮಾದ.

ಮೇಷ್ಟ್ರು ಬೋರ್ಡು ಒರೆಸುತ್ತಿದ್ದರು. "ಓದ್ದೋರ ಕಡೆಗೆ ಕಣಪ್ಪ" ಎಂದರು.

ಆ ಉತ್ತರ ನನಗೆ ಹಿಡಿಸಲಿಲ್ಲ. ಕೆಟ್ಟವನಿಗೆ ಹೆದರಿಕೆ ಇರಬೇಕು ಎಂಬ ಮೊದಲಿನ ಮಾತನ್ನೇ ನಾನು ಮನೆಗೆ ಒಯ್ದೆ. ಈಗ ಅನ್ನಿಸುತ್ತದೆ, ನನ್ನಂಥವರು ಪಾಠದಲ್ಲಿ ಬೇಕಾದದ್ದನ್ನು ಮಾತ್ರ ಆರಿಸಿಕೊಂಡು ಮಿಕ್ಕದ್ದನ್ನು ಬೋರ್ಡಿನ ಮೇಲೇ ಬಿಟ್ಟು ಬರುತ್ತೇವೆ.

ನಾನು ವರ್ಷದಯ್ಯನಾದ ಎರಡನೆಯ ವರ್ಷ ಆಷಾಢದಲ್ಲಿ ಅಂಗಡಿಗಳಲ್ಲಿ ರಾಗಿ ಮುಗಿಯಿತು. ಪುರಸಭೆಯ ಗೋಡೌನಿನಲ್ಲೂ ಇಲ್ಲವೆಂದು ಬಾಗಿಲಿಗೆ ಚೀಟಿ ಅಂಟಿಸಿದರು. ಅಲ್ಲಿ ಮೂಟೆ ಹೊರುತ್ತಿದ್ದ ಶಿವನಂಜ ಎಂಬ ಹುಡುಗ ಟೀ ಅಂಗಡಿಯ ಮುಂದೆ ನಿಂತು, ಒಳಗೆ ಮಾಡಿನವರೆಗೂ ರಾಗಿ ಇದೆ, ಹೊತ್ತು ಅಟ್ಟಿ ಹಾಕಿದವನೇ ನಾನು ಎಂದುಬಿಟ್ಟ. ಮರುದಿನ ಮಧ್ಯಾಹ್ನ ಅಧ್ಯಕ್ಷ ಚೆನ್ನಿಗರಾಯಪ್ಪನ ಕಡೆಯವರು ಅವನನ್ನು ಕರೆದು, ಬಾ, ಎಷ್ಟಿದೆ ಎಣಿಸಿ ತೋರಿಸು ಎಂದು ಗೋಡೌನಿನ ಒಳಗೆ ಬಿಟ್ಟು ಬೀಗ ಹಾಕಿದರು. ಕಾಳಿಗೆ ಹುಳ ಹತ್ತದಂತೆ ಇಡುವ ವಿಷದ ಮಾತ್ರೆಗಳನ್ನು ಆ ಬೆಳಿಗ್ಗೆಯೇ ಒಳಗೆ ಇಟ್ಟಿದ್ದರು. ಅವನು ಬಾಗಿಲು ಬಡಿಯುವ ಸದ್ದು ಸಂತೆಬೀದಿಗೆಲ್ಲ ಕೇಳಿಸಿತಂತೆ. ಒಬ್ಬೊಬ್ಬರಾಗಿ ಅಂಗಡಿಯ ಬಾಗಿಲು ಎಳೆದುಕೊಂಡರಂತೆ. ಗಿರಣಿ ಓಡುತ್ತಿತ್ತು, ನನಗೆ ಕೇಳಿಸಲಿಲ್ಲ. ಬೆಳಿಗ್ಗೆ ಬೀಗ ತೆಗೆದಾಗ ಅವನು ಬಾಗಿಲ ಹತ್ತಿರವೇ ಸತ್ತುಬಿದ್ದಿದ್ದ. ಕದಿಯಲು ನುಗ್ಗಿದ್ದ ಎಂದರು.

ಶಿವನಂಜನ ತಾಯಿ ದೇವೀರಮ್ಮ ಚಾವಡಿಯ ಎದುರಿನ ಮೂಲೆಯಲ್ಲಿ ಕಡ್ಲೆಪುರಿ ಮಾರುವವಳು. ಫಾಲ್ಗುಣ ಬಂದಾಗ ಎಲ್ಲರೂ ತಟ್ಟೆ ಹಿಡಿದು ನನ್ನ ಜಗಲಿಗೆ ಬಂದರೆ ಅವಳು ಬರಿಗೈಯಲ್ಲಿ ಬಂದು ಕುಳಿತಳು. ಅಷ್ಟು ಹೊತ್ತಿಗೆ ಊರಿನಲ್ಲಿ ಅವಳ ಮಗನಿಗೆ ಹೆಸರೇ ಉಳಿದಿರಲಿಲ್ಲ. ಗೋಡೌನ್ ಕಳ್ಳ ಎಂದರೆ ಸಾಕಿತ್ತು. ಅವಳ ಹತ್ತಿರ ಪುರಿ ಕೊಳ್ಳುವವರೂ ಕಳ್ಳನ ತಾಯಿಯ ಅಳತೆ ಎಂದು ನಗಾಡುತ್ತಿದ್ದರು.

"ನನ್ ಮಗ ಕಳ್ಳ ಅಲ್ಲ ಅಂತ ಬರಿ ಸಿದ್ಧವೀರಪ್ಪ. ಹೆಂಗ್ ಸತ್ತ ಅಂತ ಬರಿ" ಎಂದಳು.

"ಬರೆದ್ರೆ ಇನ್ನೊಬ್ರ ಮಗನಿಗೆ ಆಗುತ್ತೆ ಅವ್ವ. ನಿಂಗೆ ಗೊತ್ತಲ್ಲ."

"ಗೊತ್ತು." ಚಾಪೆಯಿಂದ ಒಂದು ಎಸಳು ಕಿತ್ತು ಬೆರಳಿಗೆ ಸುತ್ತಿಕೊಂಡಳು. "ನನ್ ಮಗನಿಗೆ ಆಯ್ತಲ್ಲ, ಅದ್ನ ಯಾರ್ ಬರ್ದಿದ್ರು?"

ಅವಳು ದಿನವೂ ಬಂದಳು. ಉಳಿದ ತಾಯಂದಿರೂ ಬಂದರು. ನನಗೆ ಮೂವರು ಗಂಡುಮಕ್ಕಳು ಎಂದು ಒಬ್ಬಳು ಅತ್ತಳು. ನನಗಿರುವುದು ಒಬ್ಬನೇ ಎಂದು ಇನ್ನೊಬ್ಬಳು ಅತ್ತಳು. ಶಿವನಂಜ ಕಳ್ಳನಾಗಿದ್ದ ಎಂದು ನನ್ನ ಜಗಲಿಯ ಮೇಲೆ ಒಬ್ಬರೂ ಹೇಳಲಿಲ್ಲ. ಬೀದಿಗೆ ಇಳಿದ ಮೇಲೆ ಹೇಳುತ್ತಿದ್ದರು.

ಒಂದು ಸಂಜೆ ಅಧ್ಯಕ್ಷರೇ ಬಂದರು. ಬರೆದರೆ ಏನು ಮಾಡುತ್ತೇನೆಂದು ಹೆದರಿಸಲು ಬಂದಿರಬೇಕೆಂದುಕೊಂಡೆ. ಅವರು ಕುಳಿತರು, ನೀರು ಕೇಳಿ ಕುಡಿದರು, ಮಗಳ ಓದು ಹೇಗಿದೆ ಎಂದು ನನ್ನ ಹೆಂಡತಿಯನ್ನು ವಿಚಾರಿಸಿದರು.

"ಬರೀರಿ ವರ್ಷದಯ್ನೋರೆ. ನನ್ನೆಸ್ರು ಹಾಕೇ ಬರೀರಿ, ನಾನೇನ್ ಬ್ಯಾಡ ಅಂತೀನಾ. ಗೋಡೌನ್ ವಿಷ್ಯಕ್ಕೆ ಬಾಯಿ ಹಾಕ್ದೋನಿಗೆ ಏನಾಯ್ತು ಅಂತ ನಾಕ್ ಜನ ಓದ್ಲಿ."

ನಾನು ಓದಿದ ರೋಮಿನಲ್ಲಿ ಕೆಟ್ಟವರು ಬರಹಕ್ಕೆ ಹೆದರುತ್ತಿದ್ದರು. ಬರೆ ಎಂದು ತಾನೇ ಬಂದು ಕೇಳುವವನ ವಿಷಯ ಮೇಷ್ಟ್ರು ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳಿಸಿಕೊಂಡಿರಲಿಲ್ಲವೋ ಏನೋ.

ಮೇಷ್ಟ್ರ ಮನೆಗೆ ಹೋದೆ. ಅವರಿಗೆ ನೆಗಡಿಯಾಗಿ ತಲೆಗೆ ಮಫ್ಲರು ಸುತ್ತಿಕೊಂಡು ಕಡಲೆಕಾಯಿ ಸುಲಿಯುತ್ತಿದ್ದರು. ಎಲ್ಲ ಕೇಳಿ, ಚಕ್ರವರ್ತಿಗಳಿಗೂ ಪುಸ್ತಕದಲ್ಲಿ ಇರುವುದು ಇಷ್ಟವೇ ಇತ್ತು ಎಂದರು. ಕೆಟ್ಟ ಚಕ್ರವರ್ತಿಗಳ ಬಗ್ಗೆ ಅವರು ಸತ್ತ ಮೇಲೇ ಬರೆದದ್ದು, ಬದುಕಿದ್ದಾಗ ಬರೆಯುವವರೂ ಸುಮ್ಮನಿದ್ದರು, ಸುಮ್ಮನಿದ್ದೆವು ಎಂದು ಆ ಬರಹಗಾರರೇ ಆಮೇಲೆ ನಾಚಿಕೆಯಿಂದ ಒಪ್ಪಿಕೊಂಡರಂತೆ. "ಅವರಿಗೆ ಧೈರ್ಯ ಕಮ್ಮಿ ಇತ್ತು. ಕಮ್ಮಿ ಇತ್ತು ಅಂತ ಬರೆಯೋಷ್ಟು ಇತ್ತು" ಎಂದು ನನ್ನ ಕೈಗೂ ಒಂದು ಹಿಡಿ ಕಡಲೆಕಾಯಿ ಹಾಕಿದರು. ನಾನು ಸೇನಾಪತಿಗಳ ಆ ಭಾಷಣಗಳ ವಿಷಯ ಕೇಳಿದೆ. ನಡೆಯಬೇಕಾಗಿದ್ದುದನ್ನು ನಡೆದಂತೆ ಬರೆದರೆ ತಪ್ಪೇ ಎಂದೆ. ಅವರು, ಪುಟ್ಟಮಾದನೂ ಅದನ್ನೇ ಕೇಳಿದ್ದ ಎಂದರು.

ದಾರಿಯಲ್ಲಿ ಬರುವಾಗ ಮರಿಗುದ್ದಯ್ಯನವರು ಒಮ್ಮೆ ನನಗೊಬ್ಬನಿಗೇ ಹೇಳಿದ್ದು ನೆನಪಾಯಿತು. ಒಂದು ವರ್ಷ ಮಳೆ ಕೈಕೊಟ್ಟಿತ್ತು. ಅವರು ಮಳೆ ಹದವಾಗಿತ್ತು ಎಂದು ಬರೆದರು. ಮುಂದಿನ ವರ್ಷ ಮಳೆ ಹದವಾಗಿಯೇ ಬಂತು. ಆದರೆ ಹಿಂದಿನ ವರ್ಷ ಬರ ಇತ್ತೆಂದರೆ ಯಾರೂ ನಂಬಲಿಲ್ಲ. ಆಗ ದನ ಮಾರಿಕೊಂಡಿದ್ದವನನ್ನು ಸೋಮಾರಿ ಎಂದು ಆಡಿಕೊಂಡರು. ಅವನೂ ಕೊನೆಗೆ ಹೌದೆಂದು ಒಪ್ಪಿಕೊಂಡ.

ಹಾಗಾದರೆ ಹೀಗೆ ಬರೆಯಬಹುದು ಎಂದುಕೊಂಡೆ: ಶಿವನಂಜನನ್ನು ಕೂಡಿಹಾಕಿದರು, ಬಡಿಯುವ ಸದ್ದು ಕೇಳಿ ಊರವರು ಬಂದು ಬೀಗ ಒಡೆದರು, ಅವನು ಹೊರಗೆ ಬಂದ. ಮುಂದಿನ ವರ್ಷ ಯಾರನ್ನು ಕೂಡಿಹಾಕಿದರೂ ಊರು ಎದ್ದು ಬರುತ್ತದೆ. ಯಾವ ತಾಯಿಯೂ ಮಗನನ್ನು ಕಳೆದುಕೊಳ್ಳುವುದಿಲ್ಲ. ಶಿವನಂಜ ಕಳ್ಳನೂ ಆಗುವುದಿಲ್ಲ. ನನ್ನ ಬುದ್ಧಿಗೆ ಇಷ್ಟು ಒಳ್ಳೆಯದು ಹೊಳೆದದ್ದು ನನಗೇ ಆಶ್ಚರ್ಯವಾಗಿ, ಅದನ್ನು ದೇವೀರಮ್ಮನಿಗೆ ಹೇಳಿದೆ.

ಅವಳು ಪೂರ್ತಿ ಕೇಳಿದಳು. "ಅಂದ್ರೆ ನನ್ ಮಗ ಬದುಕ್ ಬಂದ ಅಂತ ಬರೀತೀಯ."

"ಹೌದವ್ವ."

"ಬಂದೋನು ಎಲ್ಲವ್ನೆ? ಬಾಗ್ಲು ಎಳ್ಕೊಂಡ್ ಕುಂತಿದ್ದೋರ್ನ ಬೀಗ ಒಡುದ್ರು ಅಂತ ದೊಡ್ಡೋರ್ ಮಾಡ್ತೀಯ. ನಾನ್ ಹೆತ್ತೋನ್ನ ಅವ್ರು ಬದುಕಿಸ್ದಂಗೆ. ಹಂಗಾರೆ ನಾನ್ ಅತ್ತಿದ್ದು ಯಾರಿಗಪ್ಪ?"

ನನಗೆ ನಾಚಿಕೆಯಾಯಿತು. ನಾನು ಕಲಿತ ವಿದ್ಯೆಯೆಲ್ಲ ಒಬ್ಬ ತಾಯಿಗೆ ಮಗನ ಸಾವನ್ನೂ ಇಲ್ಲವೆನ್ನಿಸಲು ಹೊರಟಿತ್ತು ಎನ್ನಿಸಿತು. ಆದದ್ದನ್ನು ಆದಂತೆಯೇ ಬರೆಯುವುದೆಂದು ನಿರ್ಧಾರ ಮಾಡಿದೆ. ಗೋಡೆ ನೋಡಿ ಜನ ಎಚ್ಚರವಾಗಿರುತ್ತಾರೆ, ಮತ್ತೆ ಆಗುವ ಹೊತ್ತಿಗೆ ತಡೆಯುತ್ತಾರೆ, ಓದಿದವನು ಕಲಿಯುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಬರೆದದ್ದು ತಪ್ಪುವುದಿಲ್ಲ ಎಂದು ಗೊತ್ತಿದ್ದೂ ಹಾಗೆ ಹೇಳಿಕೊಂಡೆ. ಶಿವನಂಜನು ಕಳ್ಳನಲ್ಲ, ರಾಗಿ ಇದೆ ಎಂದದ್ದಕ್ಕೆ ಅಧ್ಯಕ್ಷ ಚೆನ್ನಿಗರಾಯಪ್ಪನ ಕಡೆಯವರು ಅವನನ್ನು ಗೋಡೌನಿನಲ್ಲಿ ಕೂಡಿ ಬೀಗ ಹಾಕಿದರು, ಅವನು ವಿಷದ ಗಾಳಿಯಿಂದ ಸತ್ತ ಎಂದು ಬರೆದೆ. ಅಷ್ಟಕ್ಕೇ ಇಳಿಯಬಹುದಾಗಿತ್ತು. ಆದರೆ ತೂಗಿದ್ದನ್ನು ಮತ್ತೆ ತೂಗುವವನು ನಾನು. ಅಧ್ಯಕ್ಷನ ಪಾಲು ಬರೆದು ನಮ್ಮ ಪಾಲು ಬಿಟ್ಟರೆ ತೂಕ ತಪ್ಪುತ್ತದೆ ಎನ್ನಿಸಿತು. ಮೇಷ್ಟ್ರು ಹೇಳಿದ ಆ ನಾಚಿಕೆಯ ಬರಹಗಾರರೂ ನೆನಪಾದರು. ಕೆಳಗೆ ಇನ್ನೆರಡು ವಾಕ್ಯ ಸೇರಿಸಿದೆ: ಬಡಿಯುವ ಸದ್ದು ಊರಿಗೆ ಕೇಳಿಸಿತು. ಯಾರೂ ಹೋಗಲಿಲ್ಲ.

ದೇವೀರಮ್ಮ ಶಾಲೆಯ ಹುಡುಗಿಯೊಬ್ಬಳ ಕೈಲಿ ಅದನ್ನು ಓದಿಸಿಕೊಂಡಳು. ಮತ್ತೊಮ್ಮೆ ಓದು ಎಂದಳು. ಮಗನ ಹೆಸರು ಎಲ್ಲಿದೆ ಎಂದು ಕೇಳಿ ಅದರ ಮೇಲೆ ಅಂಗೈ ಇಟ್ಟಳು. ಮಸಿ ಇನ್ನೂ ಹಸಿಯಾಗಿತ್ತು. ಆ ದಿನವೆಲ್ಲ ಅವಳು ಅಳೆದು ಕೊಟ್ಟ ಪುರಿಯ ಪೊಟ್ಟಣಗಳ ಮೇಲೆ ಕಪ್ಪು ಗುರುತಿತ್ತು. ಅವತ್ತಿನಿಂದ ಯಾರೂ ಕಳ್ಳ ಎನ್ನಲಿಲ್ಲ. ಅದೊಂದು ಆಯಿತು.

ಆ ವರ್ಷ ಊರು ಬಹಳ ಮೆತ್ತಗೆ ನಡೆಯಿತು. ಮಕ್ಕಳನ್ನು ಗೋಡೌನಿನ ಬೀದಿಗೆ ಬಿಡುತ್ತಿರಲಿಲ್ಲ. ಕೆಲವರು ವಯಸ್ಸಿಗೆ ಬಂದ ಮಗನನ್ನು ಅಜ್ಜಿಯ ಮನೆಗೆ ಕಳಿಸಿದರು. ರಾಗಿ ಮತ್ತೆ ಮುಗಿದಾಗ ಯಾಕೆ ಇಲ್ಲ ಎಂದು ಒಬ್ಬರೂ ಕೇಳಲಿಲ್ಲ. ಅಧ್ಯಕ್ಷರು ದಾರಿಯಲ್ಲಿ ಸಿಕ್ಕಾಗ ನನಗೆ ಮೊದಲು ಕೈಮುಗಿಯುತ್ತಿದ್ದರು. ಎಲ್ಲರೂ ಕಾಯುತ್ತಿದ್ದರು. ಆಗುವುದು ಹೇಗೂ ಆಗುತ್ತದೆ, ಆಗುವುದಾದರೆ ನಮ್ಮವರಿಗೆ ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ. ಹೇಳಬೇಕಾಗಿ ಬರಲಿಲ್ಲ.

ದಸರೆ ಮುಗಿದ ಮೇಲೆ ಕಲಾಯಿಯವನೊಬ್ಬ ಬಂದ. ಚಾವಡಿಯ ಹಿಂದಿನ ಹೊಂಗೆಮರದ ಕೆಳಗೆ ಗುಂಡಿ ತೋಡಿ, ಇದ್ದಲು ತುಂಬಿ, ಗಾಳಿ ಊದುವ ಚರ್ಮದ ತಿದಿ ಹೂಡಿ ಕುಳಿತ. ಯಾವ ಊರಿನವನೋ, ಒಬ್ಬನೇ ಇದ್ದ. ಹೆಂಗಸರು ಪಾತ್ರೆ ತಂದು ಸುರಿದರು. ಅಷ್ಟು ಪಾತ್ರೆ ಯಾವ ಊರಿನಲ್ಲೂ ಸಿಕ್ಕಿರಲಿಲ್ಲವೆಂದು ಅವನು ಹಿಗ್ಗಿದ. ಒಂದು ದಿನ ಗಿರಣಿಗೆ ಹೋಗುವಾಗ ನೋಡಿದೆ. ಹಿತ್ತಾಳೆ ತಾಮ್ರದ ರಾಶಿಯ ನಡುವೆ ಕಲಾಯಿಯೇ ಬೇಡದ ಸ್ಟೀಲಿನ ಪಾತ್ರೆಗಳೂ ಇದ್ದವು. ನನಗೆ ಆಗ ಅರ್ಥವಾಯಿತು. ಅವನು ಹೋಗಿಬಿಡದಂತೆ ಊರು ಅವನ ಮುಂದೆ ಕೆಲಸ ಪೇರಿಸುತ್ತಿತ್ತು. ಆ ರಾಶಿಯಲ್ಲಿ ನಮ್ಮ ಮನೆಯ ಎರಡು ಚರಿಗೆಗಳೂ ಇದ್ದವು. ಹೆಂಡತಿಯನ್ನು ಕೇಳಿದೆ. "ಎಲ್ಲಾರೂ ಕೊಟ್ರು, ನಾನೂ ಕೊಟ್ಟೆ" ಎಂದು ಅವಳು ಒಲೆಯ ಕಡೆ ತಿರುಗಿದಳು.

ನಾನು ಅವನ ಹತ್ತಿರ ಹೋಗಿ ಊರು ಬಿಟ್ಟು ಹೊರಡು ಎಂದೆ. ಅವನು ನಕ್ಕ. "ಪಾತ್ರೆ ಇಸ್ಕೊಂಡು ಹಂಗೇ ಹೊಂಟೋದ್ರೆ ಮುಂದ್ಕೆ ಯಾವೂರಲ್ಲಿ ಕೊಡ್ತಾರೆ ಸಾಮಿ? ನಿಮ್ಮೂರೋರು ಒಳ್ಳೆ ಜನ. ಸ್ಟೀಲ್‌ಗೂ ಕಲಾಯಿ ಹಾಕು ಅಂತಾರೆ." ಯಾಕೆ ಹೊರಡಬೇಕೆಂದು ಹೇಳುವ ಬದಲು ಗೋಡೆ ತೋರಿಸಿದೆ. ಓದಲು ಬರುವುದಿಲ್ಲ, ನೀವೇ ಓದಿ ಎಂದ. ನಾನು ಬರೆದದ್ದನ್ನು ನಾನೇ ಗಟ್ಟಿಯಾಗಿ ಓದಿದೆ, ಕೊನೆಯ ವಾಕ್ಯದವರೆಗೂ. ಅವನು ತಿದಿ ನಿಲ್ಲಿಸಿ ಕೇಳಿದ. ಅಯ್ಯೋ ಪಾಪ, ಎಳೇ ಹುಡುಗ ಎಂದು ಮರುಗಿದ. ಮತ್ತೆ ಗಾಳಿ ಒತ್ತಿದ. ಮುಂದಿನದು ನಿನಗೇ ಎಂದು ಹೇಳುವುದೊಂದೇ ಉಳಿದಿತ್ತು. ಹೇಳಿದರೆ ಅವನು ಓಡುತ್ತಾನೆ, ಓಡಿದರೆ ಊರಿನ ಯಾರೋ ಒಬ್ಬರ ಮಗ ಎಂಬ ಯೋಚನೆ ಆ ಕ್ಷಣದಲ್ಲಿ ನನಗೆ ಬಂತೇ? ಬರಲಿಲ್ಲ ಎಂದು ನಾನು ಪ್ರಮಾಣ ಮಾಡಲಾರೆ.

ಕೂಲಿಗೆ ಅವನು ರಾಗಿ ಕೇಳಿದ್ದ. ಸಂತೆಯಿಲ್ಲದ ದಿನ ಮಧ್ಯಾಹ್ನ ಅವನನ್ನು ಗೋಡೌನಿಗೆ ಕಳಿಸಿದರು, ಹೋಗಿ ಅಳೆದುಕೋ ಎಂದು. ಅವತ್ತು ಕರೆಂಟು ಹೋಗಿ ಗಿರಣಿ ನಿಂತಿತ್ತು. ನನಗೆ ಸದ್ದು ಕೇಳಿಸಿತು. ಓಡಿದೆ. ಈ ಸಲ ಯಾರೂ ಬಾಗಿಲು ಎಳೆದುಕೊಂಡಿರಲಿಲ್ಲ. ಬೀದಿಯ ಆಚೆ ಬದಿಯಲ್ಲಿ ಎಲ್ಲರೂ ಸುಮ್ಮನೆ ನಿಂತಿದ್ದರು, ಮಳೆ ನಿಲ್ಲಲೆಂದು ಕಾಯುವವರ ಹಾಗೆ. ಬಾಗಿಲ ಪಕ್ಕದಲ್ಲಿ ಗೋಡೌನು ಕಾಯುವ ಲಕ್ಕಣ್ಣ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಬೀಡಿ ಸೇದುತ್ತಿದ್ದ. ತೆಗೆ ಎಂದೆ.

"ನೀವೇ ಹಿಂಗಂದ್ರೆ ಹೆಂಗೆ ಅಯ್ನೋರೆ? ಬರ್ದೋರು ನೀವು. ನಾವು ಬೀಗ ಹಾಕೋರು ಅಷ್ಟೆ."

ನಾನು ಒಂದು ಕಲ್ಲು ಎತ್ತಿಕೊಂಡೆ. ಬಾಗಿಲವರೆಗೂ ಹೋದೆ. ಒಳಗಿನಿಂದ ಅವನು ಬಡಿಯುವುದು ಬಾಗಿಲ ಹಲಗೆಯ ಮೂಲಕ ನನ್ನ ಮುಖಕ್ಕೇ ತಾಗುತ್ತಿತ್ತು. ಸಾಮಿ, ಸಾಮಿ ಎನ್ನುತ್ತಿದ್ದ. ಕೈ ಎತ್ತಿದೆ. ಅಷ್ಟೇ. ಯಾರೂ ಹೋಗಲಿಲ್ಲ ಎಂದು ಬರೆದವನ ಕೈ ಅದು. ಅದನ್ನು ಹಿಡಿದು ನಿಲ್ಲಿಸಿದ್ದು ಗೋಡೆಯೋ ನನ್ನ ಹೆದರಿಕೆಯೋ ನನಗೆ ತಿಳಿಯಲಿಲ್ಲ. ಆ ಎರಡು ವಾಕ್ಯ ನಾನು ಸೇರಿಸದೆ ಇದ್ದಿದ್ದರೆ ಆಚೆ ನಿಂತಿದ್ದವರಲ್ಲಿ ಒಬ್ಬನಾದರೂ ಬರುತ್ತಿದ್ದನೇನೋ. ನಿಜವನ್ನು ಪೂರ್ತಿ ಹೇಳಬೇಕೆಂಬ ನನ್ನ ಆಸೆಯೇ ಆ ಬಾಗಿಲಿಗೆ ಎರಡನೆಯ ಬೀಗವಾಯಿತು.

ಸದ್ದು ನಿಂತ ಮೇಲೆ ದೇವೀರಮ್ಮ ಬಂದಳು. ಸುತ್ತ ನಿಂತವರನ್ನು ನೋಡಿ, "ಅವನೆಸ್ರೇನು?" ಎಂದು ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ಪಾತ್ರೆ ಕೊಟ್ಟವರು ಯಾರೂ ಹೆಸರು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಪುರಸಭೆಯವರು ಅವನನ್ನು ಕೆರೆಯ ಆಚೆ ಹೂತರು. ಹೆಂಗಸರು ಹೋಗಿ ತಮ್ಮ ತಮ್ಮ ಪಾತ್ರೆಗಳನ್ನು ಆರಿಸಿ ತಂದುಕೊಂಡರು.

ಫಾಲ್ಗುಣ ಬಂತು. ಹೋದ ವರ್ಷದ ಹಾಗೇ ಬರೀರಿ, ಊರು ಶಿಸ್ತಾಗಿದೆ ಎಂದು ಅಧ್ಯಕ್ಷರು ಹೇಳಿ ಕಳಿಸಿದರು. ಚಾವಡಿಗೆ ಸುಣ್ಣ ಬಳಿದರು. ಶಿವನಂಜನ ಹೆಸರು ಅದರಡಿ ಹೋಯಿತು. ನಾನು ಏಣಿ ಹತ್ತಿ ನಿಂತೆ. ನಿಜ ಬರೆದರೆ ಮತ್ತೊಬ್ಬ ಕಲಾಯಿಯವನು, ಮತ್ತೊಂದು ರಾಶಿ ಪಾತ್ರೆ. ಏನೂ ಬರೆಯದೆ ಇಳಿದರೆ ಅವನು ಬಂದೇ ಇರಲಿಲ್ಲ, ಅಧ್ಯಕ್ಷರಿಗೆ ಅದೂ ಸರಿಯೇ. ಆ ರೋಮಿನವರು ಇಂಥ ಕಡೆ ಏನು ಮಾಡುತ್ತಿದ್ದರೋ ಎಂದು ಯೋಚಿಸಿದೆ. ಅವರು ಬರೆದದ್ದು ಮತ್ತೆ ಆಗಲು ನೂರಾರು ವರ್ಷ ಬೇಕಾಗುತ್ತಿತ್ತು, ನೋಡಲು ಅವರು ಇರುತ್ತಿರಲಿಲ್ಲ. ಕೊನೆಗೆ ಹೀಗೆ ಬರೆದೆ: ಕಲಾಯಿಯವನೊಬ್ಬನನ್ನು ಗೋಡೌನಿನಲ್ಲಿ ಕೂಡಿ ಬೀಗ ಹಾಕಿದರು. ಬಡಿಯುವ ಸದ್ದು ಊರಿಗೆ ಕೇಳಿಸಿತು. ಊರವರು ಬಂದು ಬೀಗ ಒಡೆದರು. ಅವನು ಹೊರಗೆ ಬಂದು ತನ್ನ ದಾರಿ ಹಿಡಿದು ಹೋದ.

ಕೆಳಗೆ ಜನ ನಿಂತು ಓದಿದರು. ಆಮೇಲೆ ಯಾರೋ ಗಂಟಲು ಸರಿಮಾಡಿಕೊಂಡರು. ಯುಗಾದಿಯ ಹೊತ್ತಿಗೆ ಹೋಟೆಲಿನಲ್ಲಿ ಪುಟ್ಟಮಾದ ಹಾರೆ ಹಿಡಿದಾಗ ಜಜ್ಜಿಹೋಯಿತೆಂದು ಹೆಬ್ಬೆರಳಿನ ಉಗುರು ತೋರಿಸುತ್ತಿದ್ದ. ನಿಜವಾಗಿಯೂ ಉಗುರು ಕಪ್ಪಾಗಿತ್ತು. ಹೊರಗೆ ಬಂದವನಿಗೆ ಮೊದಲು ನೀರು ಕೊಟ್ಟದ್ದು ತಾನೆಂದು ನನ್ನ ಹೆಂಡತಿ ಹೇಳಿದಳು, ನಮ್ಮ ಚರಿಗೆಯಲ್ಲೇ. ಒಡೆಯಿರಿ ಎಂದು ಅಪ್ಪಣೆ ಕೊಟ್ಟವನೇ ನಾನು ಎಂದು ಅಧ್ಯಕ್ಷರು ಸಭೆಯೊಂದರಲ್ಲಿ ಹೇಳಿ ಚಪ್ಪಾಳೆ ಪಡೆದರು. ಎಲ್ಲರ ಮುಖದಲ್ಲೂ ಒಂದು ಕಳೆ ಬಂದಿದೆ. ಶಿವನಂಜನ ಮಾತೆತ್ತಿದರೆ ಯಾವ ಶಿವನಂಜ ಎನ್ನುತ್ತಾರೆ. ಈ ವರ್ಷ ಯಾರನ್ನೋ ಕೂಡಿಹಾಕುತ್ತಾರೆ, ಆಗ ಇವರೆಲ್ಲ ಎದ್ದು ಹೋಗಿ ಬೀಗ ಒಡೆಯುತ್ತಾರೆ ಎಂದು ನಾನು ದಿನವೂ ಹೇಳಿಕೊಳ್ಳುತ್ತೇನೆ. ಈಗಾಗಲೇ ಒಮ್ಮೆ ಒಡೆದು ಬಂದಿದ್ದೇವೆ ಎಂದು ನಂಬಿದವರು ಮತ್ತೆ ಏಳುತ್ತಾರೆಯೇ ಎಂದೂ ಕೇಳಿಕೊಳ್ಳುತ್ತೇನೆ. ಒಂದೆರಡು ಸಲ ಕಲ್ಲು ಬೀಗಕ್ಕೆ ಬಿದ್ದ ಪೆಟ್ಟು ನನ್ನ ಕೈಗೇ ನೆನಪಾದಂತಾಗಿದೆ.

ಮೊನ್ನೆ ಬೆಳಿಗ್ಗೆ ದೇವೀರಮ್ಮ ಬಂದಳು. ಗೋಡೆಯ ವಿಷಯ ಎತ್ತಲಿಲ್ಲ, ಓದಿಸಿಕೊಂಡಿದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಕಂಕುಳಲ್ಲಿ ಏನೋ ಇತ್ತು. ಜಗಲಿಯ ಮೇಲೆ ಇಟ್ಟಳು. ಚರ್ಮ ಒಣಗಿ ಸೆಟೆದುಕೊಂಡ ತಿದಿ, ಮೂತಿಯಲ್ಲಿ ಬೂದಿ ಮೆತ್ತಿತ್ತು. ಹೊಂಗೆಮರದ ಬುಡದಲ್ಲಿ ಎಲೆಯಡಿ ಬಿದ್ದಿತ್ತಂತೆ.

"ಅವಸರದಲ್ಲಿ ಬಿಟ್ಟು ಹೋಗಿರ್ಬೇಕು ಅವ್ವ" ಎಂದೆ. ಮಾತು ತಾನಾಗಿ ಬಂದಿತ್ತು.

ಅವಳು ನನ್ನ ಮುಖವನ್ನೇ ನೋಡಿದಳು. ಸಿಟ್ಟಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವವರ ಹತ್ತಿರ ಕೇಳುವ ಹಾಗೆ ಕೇಳಿದಳು.

"ಕಲಾಯಿ ಮಾಡೋನು ತಿದಿ ಬಿಟ್ಟು ಹೋಯ್ತಾನೇನಪ್ಪ?"

ಕೇಳಿ, ಉತ್ತರಕ್ಕೆ ಕಾಯುತ್ತ ಜಗಲಿಯ ಮೇಲೆ ಕುಳಿತಳು.